ಗಾಲಿಗೂ ಹಳಿ, ರೈಲಿಗೂ ಹಳಿ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೊರಟ ರೈಲು ಕುಂದಗೋಳ, ಗುಡಗೇರಿಗಳನ್ನು ದಾಟಿ ಯಲವಿಗಿಗೆ ಬಂದಾಗ ಸವಣೂರು ತಾಲ್ಲೂಕಿನ ನೆಲವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು. ಗಾಡಿ ತನ್ನ ಪಾಡಿಗೆ ತಾನು ದಕ್ಷಿಣಕ್ಕೆ ಓಡುತ್ತದೆ. ಸವಣೂರಿನ ಪೇಟೆಗೆ ಹೋಗಬೇಕಾದವರು ಇಳಿದು ಮತ್ತೆ ಬಸ್ಸನ್ನೋ ಟೆಂಪೋವನ್ನೋ ಹಿಡಿಯಬೇಕು. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಪಟ್ಟಣಗಳಿಗಂತೂ ರೈಲೇ ಇಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ದಾರಿಯನ್ನು ಹಾಕಿದಾಗ ಇವು ಪಕ್ಕಕ್ಕೆ ಉಳಿದ ಊರುಗಳು. ಇಂದಿಗೂ ಪಕ್ಕಕ್ಕೇ ಇವೆ. ಶಿವಮೊಗ್ಗ-ಶಿಕಾರಿಪುರ-ರಾಣೇಬೆನ್ನೂರು ಹೊಸ ಮಾರ್ಗ ಮಂಜೂರಾದ ಮೇಲೆ ಹಿರೇಕೆರೂರು ಸೀಮೆಯವರಿಗೆ ಸ್ವಲ್ಪ ಆಸೆ ಹುಟ್ಟಿದೆ, ಅಷ್ಟೆ.

ರೈಲಿಲ್ಲದಿದ್ದರೂ ಈ ಊರುಗಳಲ್ಲಿ ಹಳಿ ಇತ್ತು. ಬಂಡಿಯ ಗಾಲಿಯ ಸುತ್ತ ಕೂಡಿಸುವ ಕಬ್ಬಿಣದ ಪಟ್ಟಿಗೆ ಕನ್ನಡದಲ್ಲಿ ಹಳಿ ಎಂದೇ ಹೆಸರು. ರೈಲು ಬಂದ ಮೇಲೆ ನೆಲದ ಮೇಲೆ ಹಾಸಿದ ಕಬ್ಬಿಣದ ಕಂಬಿಗೂ ಜನ ಅದೇ ಹೆಸರನ್ನಿಟ್ಟರು. ಬಂಡಿಯಲ್ಲಿ ಹಳಿ ಗಾಲಿಯ ಜೊತೆಗೆ ತಿರುಗುತ್ತದೆ. ರೈಲಿನಲ್ಲಿ ಹಳಿ ನೆಲಕ್ಕೆ ಅಂಟಿಕೊಂಡು ಮಲಗಿ ಗಾಲಿಯನ್ನು ತಿರುಗಿಸುತ್ತದೆ. ವ್ಯತ್ಯಾಸ ಅಷ್ಟೇ ಎಂದು ಹಳೆಯ ಬಡಿಗರು ನಗುತ್ತ ಹೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಸವಣೂರಿನ ಹೆಸರು ಕೇಳಿದೊಡನೆ ಜನಕ್ಕೆ ನೆನಪಾಗುವುದು ನವಾಬರು, ವೀಳ್ಯದೆಲೆ, ಖಾರಾ ಮತ್ತು ದೊಡ್ಡಹುಣಸೆ ಮರಗಳು. ಆಫ್ರಿಕಾ ಮೂಲದ ಆ ಮೂರು ಮರಗಳ ಬುಡವನ್ನು ಹತ್ತಾರು ಜನ ಕೈಕೈ ಹಿಡಿದು ಸುತ್ತಬೇಕು. ಅಷ್ಟು ದೊಡ್ಡ ಮರವಾದರೂ ಬಡಿಗನ ಕಣ್ಣು ಅದರ ಮೇಲೆ ಬಿದ್ದಿಲ್ಲ. ಅದರ ಕಟ್ಟಿಗೆ ಸ್ಪಂಜಿನಂತೆ ಮೆತ್ತಗೆ, ನೀರು ಕುಡಿದ ಮರ. ಬಂಡಿಗೆ ಬೇಕಾದದ್ದು ಎರೆಹೊಲದ ಬದುವಿನಲ್ಲಿ ಯಾರ ಹಂಗೂ ಇಲ್ಲದೆ ಬೆಳೆದ ಕರಿಜಾಲಿ. ಗಟ್ಟಿ, ಬಿಗಿ, ಬೇಗನೆ ಸೀಳದ ಮರ. ಬೆಳೆಯುವಾಗ ಮುಳ್ಳು, ಬೆಳೆದ ಮೇಲೆ ಗಾಲಿ.

ಒಂದು ಗಾಲಿ ಎಂದರೆ ಒಂದು ವಸ್ತುವಲ್ಲ. ನಡುವೆ ಗುಂಬ, ಅದಕ್ಕೆ ನಾಟಿದ ಅರೆಗಳು, ಅರೆಗಳ ತುದಿಗೆ ಕೂಡುವ ವಟ್ಟೆಗಳು. ಸಾಮಾನ್ಯವಾಗಿ ಹನ್ನೆರಡು ಅರೆ, ಆರು ವಟ್ಟೆ. ಒಂದೊಂದು ವಟ್ಟೆಗೆ ಎರಡೆರಡು ಅರೆ. ಇಷ್ಟನ್ನೂ ಬೇರೆ ಬೇರೆಯಾಗಿ ಕೆತ್ತಿ, ತೂತು ಕೊರೆದು, ಒಣಗಿಸಿ, ಬಳಿಕ ಒಂದೇ ದಿನ ಕೂಡಿಸಬೇಕು. ಅಂಟಿಲ್ಲ, ಮೊಳೆ ಇಲ್ಲ. ಹಾಗಾದರೆ ಇಡೀ ಗಾಲಿಯನ್ನು ಹಿಡಿದಿಡುವುದು ಏನು? ಹಳಿ. ಕಮ್ಮಾರ ಅದನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬಗ್ಗಿಸಿ ಬೆಸೆದಿರುತ್ತಾನೆ. ಕುಳ್ಳಿನ ಬೆಂಕಿಯಲ್ಲಿ ಅದು ಕೆಂಪಗಾಗುವವರೆಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ತಂದು ಗಾಲಿಯ ಮೇಲೆ ಕೂಡಿಸಿ, ಬಡಿದು, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಉಗಿ ಏಳುತ್ತದೆ, ಮರದ ಸಂದುಗಳೆಲ್ಲ ಕರಕರ ಎಂದು ಬಿಗಿದುಕೊಳ್ಳುತ್ತವೆ.

ಇದರ ಲೆಕ್ಕ ಸರಳ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಹನ್ನೆರಡು ಭಾಗ ಹಿಗ್ಗುತ್ತದೆ. ಒಂದೂವರೆ ಮೀಟರ್ ಎತ್ತರದ ಗಾಲಿಯ ಸುತ್ತಳತೆ 4.7 ಮೀಟರ್. ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದು 28 ಮಿಲಿಮೀಟರ್, ಎಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಉದ್ದವಾಗುತ್ತದೆ. ಆರಿದಾಗ ಅಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಳತೆ ಬೆರಳಗಲ ತಪ್ಪಿದರೂ ಕೆಲಸ ಕೆಟ್ಟಿತು. ಹಳಿ ದೊಡ್ಡದಾದರೆ ಬೇಸಿಗೆಯಲ್ಲಿ ಕಳಚಿ ಬೀಳುತ್ತದೆ. ಚಿಕ್ಕದಾದರೆ ಅರೆಗಳನ್ನೇ ಮುರಿಯುತ್ತದೆ. ಉಗಿಯಂತ್ರದ ಕಾಲದ ರೈಲು ಗಾಲಿಗಳಿಗೂ ಉಕ್ಕಿನ ಹೊರಬಳೆಯನ್ನು ಹೀಗೆಯೇ ಕಾಯಿಸಿ ತೊಡಿಸುತ್ತಿದ್ದರು. ಇಂದು ನಮ್ಮ ರೈಲುಗಳಿಗೆ ಇಡಿಯಾಗಿ ಎರಕ ಹೊಯ್ದ ಉಕ್ಕಿನ ಗಾಲಿಗಳು ಬೆಂಗಳೂರಿನ ಯಲಹಂಕದ ಕಾರ್ಖಾನೆಯಿಂದ ಬರುತ್ತವೆ. ಅದು 1984ರಲ್ಲಿ ಆರಂಭವಾದದ್ದು.

ಪೆಟ್ಟಿಗೆಯಲ್ಲಿ ಬರುವ ರೈಲು

ಬಿಡಿಭಾಗಗಳನ್ನು ಕೂಡಿಸಿ ಗಾಡಿ ಕಟ್ಟುವ ಈ ಸುಖಕ್ಕಾಗಿ ಜಗತ್ತಿನಲ್ಲಿ ಲಕ್ಷಾಂತರ ಜನ ಹಣ ಕೊಡುತ್ತಾರೆ ಎಂದರೆ ನಮ್ಮ ಬಡಿಗರಿಗೆ ಸೋಜಿಗವಾದೀತು. ಜರ್ಮನಿ, ಇಂಗ್ಲೆಂಡ್, ಅಮೆರಿಕ, ಜಪಾನ್ ದೇಶಗಳಲ್ಲಿ ಮಾದರಿ ರೈಲು ಕಟ್ಟುವುದು ದೊಡ್ಡವರ ಹವ್ಯಾಸ. ಅಂಗಡಿಯಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ. ಬೋಗಿಯ ಎರಡು ಪಕ್ಕಗಳು, ಛಾವಣಿ, ತಳ, ಕಿಟಕಿಯ ಗಾಜು, ಗಾಲಿಗಳು, ಕೊಂಡಿ, ಚಿಟಿಕೆಯಷ್ಟು ತಿರುಪುಗಳು ಮತ್ತು ಒಂದು ಚಿತ್ರದ ಹಾಳೆ. ಹಾಳೆಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಯಾವುದರ ಮೇಲೆ ಯಾವುದು ಎಂದು ಬರೆದಿರುತ್ತದೆ.

ಹೆಚ್ಚು ಬಳಕೆಯಲ್ಲಿರುವುದು 87ಕ್ಕೆ 1ರ ಅಳತೆ. ನಿಜವಾದ ಗಾಡಿಯ 87 ಮೀಟರ್ ಇಲ್ಲಿ ಒಂದು ಮೀಟರ್. ಮದರಾಸಿನ ಪೆರಂಬೂರ್ ಕಾರ್ಖಾನೆ 1955ರಿಂದ ತಯಾರಿಸಿದ, ನಾವೆಲ್ಲ ಕೂತು ಬೆಳೆದ ಬೋಗಿಯ ಉದ್ದ ಸುಮಾರು 21.3 ಮೀಟರ್. ಮಾದರಿಯಲ್ಲಿ ಅದು 24 ಸೆಂಟಿಮೀಟರಿಗೆ ಇಳಿಯುತ್ತದೆ, ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರಂ 1507 ಮೀಟರ್ ಇದೆಯಲ್ಲ, ಅದನ್ನು ಇದೇ ಅಳತೆಯಲ್ಲಿ ಕಟ್ಟಹೊರಟರೆ 17 ಮೀಟರಿಗೂ ಹೆಚ್ಚು ಜಾಗ ಬೇಕು. ಸವಣೂರಿನ ಎಷ್ಟೋ ಮನೆಗಳ ಪಡಸಾಲೆ, ಅಡುಗೆಮನೆ, ಹಿತ್ತಲು ಮೂರನ್ನೂ ದಾಟಿ ಅದು ಹೊರಗೆ ಚಾಚುತ್ತದೆ!

ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ವಿದೇಶದ ಮಾದರಿ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು ಯೂರೋಪಿನ 1435 ಮಿಲಿಮೀಟರ್ ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಲೆಕ್ಕದ ಪ್ರಕಾರ ಮಾದರಿ ಹಳಿ 19 ಮಿಲಿಮೀಟರಿಗೂ ಅಗಲವಾಗಿರಬೇಕು. ಹೀಗಾಗಿ ಭಾರತದ ಬೋಗಿಯ ಮಾದರಿ ಕಟ್ಟುವವರು ಒಂದೋ ಸುಳ್ಳು ಅಂತರಕ್ಕೆ ಒಪ್ಪಿಕೊಳ್ಳಬೇಕು, ಇಲ್ಲವೇ ಗಾಲಿ, ಅಚ್ಚು, ಹಳಿ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳಬೇಕು. 1990ರ ದಶಕದ ನಡುವೆ ಬ್ರಾಡ್‌ಗೇಜ್ ಬರುವವರೆಗೆ ಯಲವಿಗಿಯ ಮೇಲೆ ಓಡುತ್ತಿದ್ದುದು ಮೀಟರ್‌ಗೇಜ್ ಗಾಡಿ. ಅದರ ಮಾದರಿಗೆ ಮಾತ್ರ 12 ಮಿಲಿಮೀಟರ್ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಹೋದ ಗಾಡಿಗೆ ಅಳತೆ ಸಿಗುತ್ತದೆ, ಇರುವ ಗಾಡಿಗೆ ಸಿಗುವುದಿಲ್ಲ.

ಕಟ್ಟುವ ಕೆಲಸದಲ್ಲೂ ಗುಟ್ಟುಗಳಿವೆ. ಪ್ಲಾಸ್ಟಿಕ್ಕಿನ ಬೋಗಿ ಹಗುರ. ತಿರುವಿನಲ್ಲಿ ಹಳಿ ಬಿಟ್ಟು ಉರುಳುತ್ತದೆ. ಅದಕ್ಕೆ ತಳದಲ್ಲಿ ಸೀಸವನ್ನೋ ಕಬ್ಬಿಣದ ತುಂಡನ್ನೋ ಅಂಟಿಸುತ್ತಾರೆ. ಅಮೆರಿಕದ ಹವ್ಯಾಸಿಗಳ ಸಂಘ ಈ ಅಳತೆಗೆ ಒಂದು ಸೂತ್ರವನ್ನೇ ಮಾಡಿದೆ: ಗಾಡಿಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಪೆರಂಬೂರ್ ಬೋಗಿಯ ಮಾದರಿ ಆ ಲೆಕ್ಕದಲ್ಲಿ ಸುಮಾರು 165 ಗ್ರಾಂ ತೂಗಬೇಕು. ಇನ್ನು ಬೋಗಿಯ ಎರಡು ತುದಿಯ ಗಾಲಿಜೋಡಿಗಳಲ್ಲಿ ಒಂದರ ತಿರುಪನ್ನು ತಿರುಗಲು ಮಾತ್ರ ಬಿಟ್ಟು ಬಿಗಿಯುತ್ತಾರೆ. ಇನ್ನೊಂದನ್ನು ಅತ್ತಿತ್ತ ವಾಲುವಷ್ಟು ಸಡಿಲ ಬಿಡುತ್ತಾರೆ. ಎರಡನ್ನೂ ಬಿಗಿದರೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಎರಡನ್ನೂ ಸಡಿಲಿಸಿದರೆ ಬೋಗಿ ಕುಡಿದವನಂತೆ ಓಲಾಡುತ್ತದೆ. ಗಾಲಿಯ ಒಳಅಂಚು ನಿಜದಲ್ಲಿ 28.5 ಮಿಲಿಮೀಟರ್ ಇಳಿದಿರುತ್ತದೆ. ಮಾದರಿಯಲ್ಲಿ ಅದು ಮಿಲಿಮೀಟರಿನ ಮೂರನೇ ಒಂದು ಪಾಲಷ್ಟೇ ಆಗುತ್ತದೆ. ಅಷ್ಟು ಕಿರಿದಾದರೆ ಧೂಳಿನ ಕಣಕ್ಕೂ ಗಾಡಿ ಹಳಿ ತಪ್ಪೀತು ಎಂದು ತಯಾರಕರು ಅದನ್ನು ಬೇಕೆಂದೇ ಕೊಂಚ ಹಿಗ್ಗಿಸುತ್ತಾರೆ.

ನೆನಪಿಡಬೇಕಾದ ಮಾತೆಂದರೆ, ನಮ್ಮ ದೇಶದ ನಿಜವಾದ ರೈಲೂ ಮೊದಲಿಗೆ ಹೀಗೆ ಪೆಟ್ಟಿಗೆಗಳಲ್ಲೇ ಬಂತು. ಗಾಲಿ, ಅಚ್ಚು, ಕಬ್ಬಿಣದ ಚೌಕಟ್ಟುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದಿಳಿದು ಇಲ್ಲಿಯ ಕಾರ್ಖಾನೆಗಳಲ್ಲಿ ಜೋಡಣೆಯಾಗುತ್ತಿದ್ದವು. ಮೇಲಿನ ಒಡಲನ್ನು ಸಾಗವಾನಿಯಲ್ಲಿ ಕಟ್ಟುತ್ತಿದ್ದವರು ನಮ್ಮ ಬಡಿಗರು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯೂ ಆ ಕಾಲದ್ದೇ. ಬಂಡಿ ಕಟ್ಟಿದ ಕೈಗಳಿಗೆ ಬೋಗಿ ಹೊಸದಾಗಿತ್ತು, ಕೆಲಸ ಹೊಸದಾಗಿರಲಿಲ್ಲ.

ದಂಟಿನ ಚಕ್ಕಡಿ

ಈ ಸೀಮೆಯ ಮಕ್ಕಳಿಗೆ ಪೆಟ್ಟಿಗೆಯ ರೈಲು ಸಿಗಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಹೊಲದ ತುಂಬ ಬಿದ್ದಿರುತ್ತಿದ್ದುದು ಜೋಳದ ದಂಟು. ಅದರ ಸಿಪ್ಪೆಯನ್ನು ಹಲ್ಲಿನಿಂದ ಸೀಳಿದರೆ ಬಿರುಸಾದ ಸಿಬಿರು. ಒಳಗೆ ಹಗುರವಾದ ಬೆಂಡು. ಬೆಂಡೇ ಮರ, ಸಿಬಿರೇ ಮೊಳೆ. ಬೆಂಡಿನ ತುಂಡುಗಳಿಗೆ ಸಿಬಿರು ಚುಚ್ಚಿ ನೊಗ, ಮೂಕಿ, ತಳ, ಗಾಲಿ ಎಲ್ಲವನ್ನೂ ಕೂಡಿಸಿ ಚಕ್ಕಡಿ ಮಾಡುತ್ತಿದ್ದರು. ಜಾಣ ಹುಡುಗ ಎರಡು ಗಾಲಿಗಳ ಎತ್ತರ ಒಂದೇ ಇರುವಂತೆ ನೋಡಿಕೊಳ್ಳುತ್ತಿದ್ದ. ಇಲ್ಲವಾದರೆ ಬಂಡಿ ಒಂದೇ ಕಡೆಗೆ ಎಳೆಯುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯ ಮಣ್ಣು ತಂದು ಜೋಡಿ ಎತ್ತು ಮಾಡಿ ಪೂಜಿಸುವುದು ಮನೆಮನೆಯ ರೂಢಿ. ಮಣ್ಣಿನ ಎತ್ತು, ದಂಟಿನ ಬಂಡಿ. ದುಡ್ಡಿಲ್ಲದ ಮಾದರಿ ಗಾಡಿ ಇದು. ಅಳತೆಯ ಹಾಳೆ ಹುಡುಗನ ಕಣ್ಣಲ್ಲೇ ಇರುತ್ತಿತ್ತು. ಅಂಗಳದಲ್ಲಿ ನಿಂತ ಅಪ್ಪನ ಬಂಡಿಯನ್ನು ಅವನು ದಿನಾ ನೋಡುತ್ತಿದ್ದನಲ್ಲ!

ಈಗ ಜಿಲ್ಲೆಯ ಹೊಲಗಳನ್ನು ಗೋವಿನಜೋಳ ಆಕ್ರಮಿಸಿದೆ. ಅಂಗಳದಲ್ಲಿ ಬಂಡಿಯ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಇರುವ ಬಂಡಿಗಳಲ್ಲೂ ಬಹಳಷ್ಟಕ್ಕೆ ರಬ್ಬರ್ ಟಯರು. ಹೊರೆ ಎಳೆಯುವ ಎತ್ತಿಗೆ ಅದು ಸುಖವೇ. ಬಡಿಗನಿಗೆ ಮಾತ್ರ ಕೆಲಸವಿಲ್ಲ. ಅವನ ಮಗ ಬಾಗಿಲು, ಕಿಟಕಿ, ಮಂಚ ಮಾಡುತ್ತಾನೆ, ಅಥವಾ ಹುಬ್ಬಳ್ಳಿಗೆ ಬಸ್ಸು ಹತ್ತುತ್ತಾನೆ.

ಸವಣೂರಿನಿಂದ ಶಿಗ್ಗಾವಿಗೆ ಬಂದು ಹೆದ್ದಾರಿ ಹಿಡಿದರೆ ಗೊಟಗೋಡಿ ಸಿಗುತ್ತದೆ. 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನೂ ಇಲ್ಲಿಯದು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ಮಾಡಿ ನಿಲ್ಲಿಸಿದ ಜಾಗ. ಮನೆಗಳು, ಕಸುಬುಗಳು, ದನಕರುಗಳು, ಮಾತಾಡಲು ನಿಂತಂಥ ಹೆಂಗಸರು. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಮಾದರಿ ರೈಲಿನವರು ದೊಡ್ಡದನ್ನು ಚಿಕ್ಕದು ಮಾಡಿದರೆ ಅವರು ಇದ್ದದ್ದನ್ನು ಇದ್ದಷ್ಟೇ ಗಾತ್ರದಲ್ಲಿ ಮಾಡಿಟ್ಟರು. ಪಟ್ಟಣದ ಶಾಲೆಗಳಿಂದ ಬಸ್ಸು ಬಸ್ಸಾಗಿ ಬರುವ ಮಕ್ಕಳು ಅಲ್ಲಿ ತಮ್ಮ ಅಜ್ಜನ ಕಸುಬನ್ನು ಸಿಮೆಂಟಿನಲ್ಲಿ ಮೊದಲ ಸಲ ನೋಡುತ್ತಾರೆ. ಸಂತೋಷ ಪಡಬೇಕೋ ಮರುಗಬೇಕೋ ತಿಳಿಯುವುದಿಲ್ಲ. ಕೈ ಎಲ್ಲಿತ್ತು, ಬಾಚಿ ಎಲ್ಲಿತ್ತು ಎಂದು ಪ್ರತಿಮೆ ತೋರಿಸುತ್ತದೆ. ಬಾಚಿಯ ಪೆಟ್ಟು ಎಷ್ಟು ಬಿರುಸು ಎಂದು ತೋರಿಸಲು ಅದಕ್ಕೆ ಸಾಧ್ಯವಿಲ್ಲ.

ಕಲ್ಲಿನ ಜೋಡಣೆ, ಮರದ ದೇವತೆ

ಹಾನಗಲ್ಲಿಗೆ ಬಂದರೆ ಎರೆಮಣ್ಣು ಹಿಂದೆ ಸರಿದು ಗದ್ದೆ, ಮಾವಿನ ತೋಪು, ಮಲೆನಾಡಿನ ಸೆರಗು ಕಾಣುತ್ತವೆ. ಶಾಸನಗಳ ಪಾನುಂಗಲ್ಲು ಇದು. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಹಾನಗಲ್ಲ ಕದಂಬರ ರಾಜಧಾನಿ. ಇಲ್ಲಿಯ ತಾರಕೇಶ್ವರ ಗುಡಿಯ ಮಂಟಪದೊಳಗೆ ನಿಂತು ತಲೆ ಎತ್ತಿದರೆ ಅಷ್ಟಕೋನದ ದೊಡ್ಡ ಛತ್ತು ಬಳೆಬಳೆಯಾಗಿ ಮೇಲೇರಿ ನಡುವೆ ಕಮಲವಾಗಿ ಇಳಿಬಿದ್ದಿದೆ. ಗಾರೆ ಇಲ್ಲ. ಒಂದು ಕಲ್ಲು ಇನ್ನೊಂದರ ಮೇಲೆ ತನ್ನ ಭಾರದಿಂದಲೇ ಕೂತಿದೆ. ಕಂಬಗಳೂ ಹಾಗೆಯೇ: ಪೀಠ, ದಿಂಡು, ಬೋದಿಗೆ ಬೇರೆ ಬೇರೆ. ದಿಂಡಿನ ಮೇಲಿನ ಬಳೆಗಳನ್ನು ತಿರುಗಣಿಯಲ್ಲಿ ಕಡೆದು ನಯ ಮಾಡಿದ್ದಾರೆ, ಥೇಟು ಬಡಿಗ ಗುಂಬವನ್ನು ಕಡೆದಂತೆ. ಆ ಕಾಲದ ಗುಡಿಗಳ ಹೊರಗೋಡೆಗಳನ್ನು ಗಮನಿಸಿ ನೋಡಿದರೆ ಪುಟ್ಟ ಪುಟ್ಟ ಗೋಪುರಗಳನ್ನು ಕೆತ್ತಿರುವುದು ಕಾಣುತ್ತದೆ. ಪೂರ್ತಿ ಗುಡಿಯನ್ನೇ ಗೇಣುದ್ದಕ್ಕೆ ಇಳಿಸಿದ ಮಾದರಿಗಳು. ಒಂದು ಗುಡಿ ನೋಡಿದರೆ ಹಲವು ಗುಡಿಗಳ ನಕಾಶೆ ಕಂಡಂತೆ. ಅಳತೆ ತಗ್ಗಿಸುವ ವಿದ್ಯೆ ಈ ನೆಲಕ್ಕೆ ಒಂಬೈನೂರು ವರ್ಷಗಳ ಹಿಂದೆಯೇ ಬಂದಿತ್ತು.

ಹಾನಗಲ್ಲಿನಿಂದ ಪೆಟ್ಟಿಗೆಯೊಂದು ಹೊರಟ ಕಥೆಯೂ ಇದೆ. ಜಾತ್ರೆ ಮುಗಿದ ಮೇಲೆ ಮರದ ದೇವತೆಯ ಅಂಗಗಳನ್ನು ಬಿಚ್ಚಿ, ಒಡವೆಯ ಸಮೇತ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಕಳ್ಳರು ಅದನ್ನು ಹೊತ್ತು ಶಿರಸಿಗೆ ಹೋಗಿ, ಒಡವೆ ಹಂಚಿಕೊಂಡು, ಪೆಟ್ಟಿಗೆಯನ್ನು ಕೆರೆಗೆ ಎಸೆದರಂತೆ. ಮುಂದೆ ಅದು ಸಿಕ್ಕಿ, ಬಿಡಿಭಾಗಗಳನ್ನು ಕೂಡಿಸಿ ನಿಲ್ಲಿಸಿದ ದೇವಿಯೇ ಶಿರಸಿಯ ಮಾರಿಕಾಂಬೆ ಎಂಬುದು ಐತಿಹ್ಯ. ಹದಿನೇಳನೆಯ ಶತಮಾನದ ಕೊನೆಯ ಮಾತು ಇದು. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಗೆ ಹಾನಗಲ್ಲ ಸೀಮೆಯ ಜನ ಇಂದಿಗೂ ತವರಿನವರ ಠೀವಿಯಲ್ಲಿ ಹೋಗುತ್ತಾರೆ. ಕಥೆ ನಿಜವೋ ಅಲ್ಲವೋ, ಅದರೊಳಗೆ ಒಂದು ತಿಳಿವಳಿಕೆ ಇದೆ. ಪೆಟ್ಟಿಗೆ ತೆರೆದವರಿಗೆ ಯಾವ ಕೈ ಯಾವ ಭುಜಕ್ಕೆ ಎಂದು ಗೊತ್ತಿತ್ತು. ಇಲ್ಲದಿದ್ದರೆ ಅದು ಬರಿಯ ಕಟ್ಟಿಗೆಯ ರಾಶಿ.

ತೇರಿನ ಮನೆಯ ಬಾಗಿಲು

ಹಿರೇಕೆರೂರಿನದು ಹೆಸರೇ ಹೇಳುವಂತೆ ಕೆರೆಯ ಊರು. ದುರ್ಗಾದೇವಿಯ ಕೆರೆ ಊರಿಗೆ ಅಂಟಿಕೊಂಡೇ ಇದೆ. ಹತ್ತಿರದ ಅಬಲೂರು, ಮಾಸೂರುಗಳು ಸರ್ವಜ್ಞನ ಹೆಸರಿನೊಂದಿಗೆ ಕೂಡಿಕೊಂಡ ಹಳ್ಳಿಗಳು. ಅವನ ತಾಯಿ ಮಾಳಿ ಕುಂಬಾರರವಳು ಎಂಬುದು ಪ್ರತೀತಿ. ಚಕ್ರದ ಮಗ ಎಂದರೂ ಆದೀತು.

ಈ ಭಾಗದ ಊರೂರಿನಲ್ಲೂ ಗುಡಿಯ ಪಕ್ಕ ಒಂದು ಎತ್ತರದ ತಗಡಿನ ಮನೆ ಕಾಣುತ್ತದೆ. ಒಳಗಿರುವುದು ತೇರಿನ ಗಡ್ಡೆ ಮತ್ತು ಗಾಲಿಗಳು. ವರ್ಷವೆಲ್ಲ ಅದು ಮುಚ್ಚಿದ ಬಾಗಿಲು. ಜಾತ್ರೆ ಹತ್ತಿರವಾದಾಗ ಬಾಗಿಲು ತೆರೆದು ತೇರನ್ನು ಹೊರಗೆಳೆಯುತ್ತಾರೆ. ಆಮೇಲೆ ಅಟ್ಟದ ಮೇಲಿಂದ ಒಂದೊಂದೇ ಭಾಗ ಇಳಿಯುತ್ತದೆ: ಅಡ್ಡಪಟ್ಟಿ, ಗಳ, ಬಳೆ, ಬಟ್ಟೆಯ ಸುತ್ತು, ಕಳಸ. ಯಾವ ಗಳ ಯಾವ ಮೂಲೆಗೆ, ಯಾವ ಗಂಟು ಎಷ್ಟು ಬಿಗಿ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಒಂದಿಬ್ಬರು ಹಿರಿಯರು ಕೆಳಗೆ ನಿಂತು ಕೈ ತೋರಿಸುತ್ತಾರೆ, ಹುಡುಗರು ಮೇಲೆ ಹತ್ತಿ ಕಟ್ಟುತ್ತಾರೆ. ನಾಲ್ಕಾರು ದಿನಗಳಲ್ಲಿ ಗುಡಿಯ ಶಿಖರಕ್ಕೆ ಜೋಡಿಯಾದ ಇನ್ನೊಂದು ಶಿಖರ ಗಾಲಿಯ ಮೇಲೆ ಎದ್ದು ನಿಲ್ಲುತ್ತದೆ. ಊರಿನ ಪಾಲಿಗೆ ಇದೇ ವರ್ಷಕ್ಕೊಮ್ಮೆ ಬಿಚ್ಚಿ ಕೂಡಿಸುವ ಗಾಡಿ.

ರೈಲಿಗೆ ದಾರಿ ತೋರುವುದು ಗಾಲಿಯ ಅಂಚು. ಬಂಡಿಗೆ ದಾರಿ ತೋರುವುದು ಎತ್ತು. ತೇರಿಗೆ ಎರಡೂ ಇಲ್ಲ. ನೂರಾರು ಜನ ಮಿಣಿ ಹಿಡಿದು ಎಳೆಯುವಾಗ ಗಾಲಿಯ ಬುಡದಲ್ಲಿ ಮರದ ಸನ್ನೆ ಕೊಡುತ್ತ ಓಡುವ ನಾಲ್ಕು ಜನರೇ ಅದರ ಲಗಾಮು, ಅವರೇ ಬ್ರೇಕು. ಮೇಲೆ ಉತ್ತತ್ತಿ, ಬಾಳೆಹಣ್ಣು ಹಾರುತ್ತಿರುವಾಗ ಅವರ ಕಣ್ಣು ಮಾತ್ರ ನೆಲದ ಮೇಲಿರುತ್ತದೆ. ಈ ಲೆಕ್ಕ ತಪ್ಪಿದರೆ, ಅಚ್ಚು ಸೋತರೆ ಏನಾಗುತ್ತದೆ ಎಂದು ನಾಡು ಕಂಡಿದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ಭಾರಿ ತೇರು ಜನಸಾಗರದ ನಡುವೆಯೇ ಉರುಳಿಬಿತ್ತು. ಹಾಗಾಗಿ ತೇರಿನ ಗಾಲಿಯನ್ನು ತಟ್ಟಿ ನೋಡಿ, ಸದ್ದು ಕೇಳಿ, ಇದು ಈ ವರ್ಷ ತಡೆದೀತು, ಇದನ್ನು ಬದಲಿಸಿ ಎನ್ನಬಲ್ಲ ಕಿವಿ ಒಂದೊಂದು ಊರಿಗೂ ಬೇಕು. ಆ ಕಿವಿ ತಯಾರಾಗುತ್ತಿದ್ದುದು ದಿನನಿತ್ಯದ ಬಂಡಿ ಕೆಲಸದಲ್ಲಿ. ಬಂಡಿಯ ಗಾಲಿ ನಿಂತರೆ ತೇರಿನ ಗಾಲಿಗೆ ದಿಕ್ಕು ಯಾರು?

ಮಾದರಿ ಕಟ್ಟುವ ಹವ್ಯಾಸ ಇಲ್ಲಿ ಕೆಲಸಕ್ಕೆ ಬಂದೀತು. ಯೂರೋಪಿನಲ್ಲಿ ಉಗಿಯಂತ್ರಗಳು ಮೂಲೆಗೆ ಸೇರಿದ ಮೇಲೆ ಅವುಗಳ ಒಂದೊಂದು ತಿರುಪಿನ ಅಳತೆಯನ್ನೂ ಉಳಿಸಿಕೊಂಡವರಲ್ಲಿ ಮಾದರಿಗಾರರ ಪಾಲು ದೊಡ್ಡದು. ಪುಣೆಯಲ್ಲಿ ಜೋಶಿ ಎಂಬವರು ಜೀವನವಿಡೀ ಕಟ್ಟಿದ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಜನರಿಗೆ ತೆರೆದಿದೆ. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ವಸ್ತುಸಂಗ್ರಹಾಲಯಗಳಿವೆ. ಹುಬ್ಬಳ್ಳಿಯಲ್ಲಿ ಹಳೆಯ ಎಂಜಿನ್ನುಗಳ ಎದುರು ನಿಂತು ಫೋಟೊ ತೆಗೆಸಿಕೊಳ್ಳುವ ಮಕ್ಕಳ ಸಾಲು ದೊಡ್ಡದಿದೆ. ನಮ್ಮ ಚಕ್ಕಡಿಗೆ, ನಮ್ಮ ತೇರಿಗೆ ಅಂಥದೊಂದು ಪೆಟ್ಟಿಗೆ ಯಾಕಾಗಬಾರದು? 87ಕ್ಕೆ 1 ಬೇಡ. ಹತ್ತಕ್ಕೆ ಒಂದರ ಅಳತೆಯಲ್ಲಿ ಒಂದೂವರೆ ಮೀಟರಿನ ಗಾಲಿ ಹದಿನೈದು ಸೆಂಟಿಮೀಟರ್ ಆಗುತ್ತದೆ. ಗುಂಬ ಒಂದು, ಅರೆ ಹನ್ನೆರಡು, ವಟ್ಟೆ ಆರು. ಕೂಡಿಸುವ ಕ್ರಮವನ್ನು ಬಲ್ಲ ಹಿರಿಯರಿಂದ ಕೇಳಿ ಬರೆದ ಒಂದು ಹಾಳೆ. ಊರಿನ ಶಾಲೆಯ ಕೈಕೆಲಸದ ತರಗತಿಯಲ್ಲಿ ಇದನ್ನು ಕೂಡಿಸಿದ ಹುಡುಗಿ ಅಥವಾ ಹುಡುಗ ಮುಂದೆ ಬಡಿಗನಾಗದಿದ್ದರೂ ಅಡ್ಡಿಯಿಲ್ಲ. ತೇರಿನ ಮನೆಯ ಬಾಗಿಲು ತೆರೆದಾಗ ಏನು ಕೇಳಬೇಕೆಂದು ಅವರಿಗೆ ಗೊತ್ತಿರುತ್ತದೆ.

ಈ ನಾಲ್ಕು ಊರುಗಳನ್ನು ನೋಡಲು ಬರುವವರಿಗೆ ಹಾವೇರಿಯೇ ಅನುಕೂಲವಾದ ನಡುತಾಣ. ಬೆಂಗಳೂರು-ಹುಬ್ಬಳ್ಳಿ ನಡುವಿನ ರೈಲು, ಬಸ್ಸು ಎರಡೂ ಸಿಗುತ್ತವೆ. ಅಲ್ಲಿಂದ ನಾಲ್ಕೂ ಕಡೆಗೆ ಸಾರಿಗೆ ಬಸ್ಸುಗಳಿವೆ. ಸವಣೂರಿಗೆ ಮುಂಜಾನೆ, ಗೊಟಗೋಡಿಗೆ ಮಧ್ಯಾಹ್ನ, ಮರುದಿನ ಹಾನಗಲ್ಲ ಮತ್ತು ಹಿರೇಕೆರೂರು ಎಂದು ಇಟ್ಟುಕೊಂಡರೆ ಎರಡು ದಿನ ಸಾಕು. ಜಾತ್ರೆಯ ದಿನಗಳಲ್ಲಿ ಬರುವುದಾದರೆ ತೇರು ಎಳೆಯುವ ದಿನಕ್ಕಿಂತ ನಾಲ್ಕು ದಿನ ಮೊದಲೇ ಬನ್ನಿ. ಆಗ ಜನಜಂಗುಳಿ ಇರುವುದಿಲ್ಲ. ಗುಡಿಯ ಮುಂದೆ ಗಳಗಳು, ಹಗ್ಗಗಳು ಹರಡಿರುತ್ತವೆ. ಯಾರೋ ಒಬ್ಬ ಮುದುಕ ಅವುಗಳ ನಡುವೆ ನಿಂತು, ಅದಲ್ಲ, ಅದರ ಪಕ್ಕದ್ದು ತಗೊಳ್ಳಪ್ಪಾ ಎಂದು ಮೇಲಿರುವ ಹುಡುಗನಿಗೆ ಕೂಗಿ ಹೇಳುತ್ತಿರುತ್ತಾನೆ.